ಸದ್ದಿನ ವಿಮಾನ, ಸದ್ದಿಲ್ಲದ ದುಡ್ಡು

ಮಾರ್ಚ್ ತಿಂಗಳ ಬಿಸಿಲು ಬೀದರ್ ಕೋಟೆಯ ಕೆಂಪು ಕಲ್ಲಿಗೆ ಬಡಿದು ಕಣ್ಣಿಗೆ ರಾಚುವ ಹೊತ್ತು. ಚೌಬಾರಾದ ಹಿಂದಿನ ಓಣಿಯಲ್ಲಿ ಬಿದ್ರಿ ಕೆಲಸದವರೊಬ್ಬರು ಹೂದಾನಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಕೂತಿದ್ದಾರೆ. ಸತು-ತಾಮ್ರದ ಮೈಮೇಲೆ ಉಳಿಯಿಂದ ಕೊರೆದ ಬಳ್ಳಿ. ಆ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟುತ್ತಾರೆ. ಅಷ್ಟರಲ್ಲಿ ಇಲ್ಲಿನ ವಾಯುಪಡೆ ತರಬೇತಿ ನೆಲೆಯ ಹಾಕ್ ವಿಮಾನವೊಂದು ಮಾಳಿಗೆಯ ತಗಡು ನಡುಗುವಂತೆ ಹಾದುಹೋಗುತ್ತದೆ. ಸುತ್ತಿಗೆಯ ಒಂದು ಏಟೂ ತಪ್ಪುವುದಿಲ್ಲ. ತಲೆಯೆತ್ತಿ ನೋಡುವವರು ಪರವೂರಿನವರು ಮಾತ್ರ.

ಒಂಬತ್ತು ವಿಮಾನ ಒಟ್ಟಿಗೆ ಬಂದರೆ ಮಾತು ಬೇರೆ. ಆಗ ಚಹಾದ ಅಂಗಡಿಯವನೂ ಸಾಣಿಗೆ ಕೈಯಲ್ಲೇ ಹಿಡಿದು ಹೊರಗೆ ಬರುತ್ತಾನೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇದೇ ಬೀದರಿನಲ್ಲಿ. ಊರಿಗೆ ಅದು ಮನೆಮಗ. ಮೊದಲು ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಿದ್ದವು, ಈಗ ಕೆಂಪು-ಬಿಳಿ ಬಳಿದ ಹಾಕ್. 2006ರಲ್ಲಿ ಮತ್ತು 2009ರಲ್ಲಿ ತಾಲೀಮಿನ ವೇಳೆ ಇಲ್ಲಿಯೇ ವಿಮಾನ ಬಿದ್ದು ಪೈಲಟ್‌ಗಳು ತೀರಿಕೊಂಡದ್ದನ್ನು ಹಿರಿಯರು ಇನ್ನೂ ಮರೆತಿಲ್ಲ.

ಈ ಹಾಕ್ ಬೀದರಿಗೆ ಬಂದ ಕಥೆ ಕೇಳಿದರೆ ಸರ್ಕಾರಿ ದುಡ್ಡಿನ ನಡಿಗೆ ಎಂಥದ್ದೆಂದು ತಿಳಿಯುತ್ತದೆ. ಕಿರಣ್‌ನಂಥ ನಿಧಾನದ ವಿಮಾನ ಕಲಿತ ಹುಡುಗರನ್ನು ಶಬ್ದಕ್ಕಿಂತ ವೇಗದ ಮಿಗ್-21ಕ್ಕೆ ಹತ್ತಿಸಿದರೆ ಅನಾಹುತವಾಗುತ್ತದೆ, ನಡುವೆ ಒಂದು ಮೆಟ್ಟಿಲು ಬೇಕು ಎಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ನಡುವಿನ 22 ವರ್ಷಗಳಲ್ಲಿ ಕಡತ ಮೇಜಿನಿಂದ ಮೇಜಿಗೆ ಓಡಾಡಿತು, ಮಿಗ್‌ಗಳು ಬೀಳುತ್ತಲೇ ಇದ್ದವು. ಕೊನೆಗೆ 66 ವಿಮಾನ: 24 ಬ್ರಿಟನ್ನಿನಿಂದ ಸಿದ್ಧವಾಗಿ, 42 ಎಚ್‌ಎಎಲ್‌ನಲ್ಲಿ ತಯಾರಾಗಿ. 2008ರ ಫೆಬ್ರುವರಿ 23ರಂದು ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಬೀದರಿಗೆ ಬಂದು ಅವನ್ನು ವಾಯುಪಡೆಗೆ ಸೇರಿಸಿದರು. ಅಷ್ಟು ಹೊತ್ತಿಗೆ, ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಕೂಸು ತಾನೇ ಯುದ್ಧವಿಮಾನ ಹಾರಿಸುವ ವಯಸ್ಸಿಗೆ ಬಂದಿತ್ತು.

ಹಾಕ್ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಇಲ್ಲಿ ಕಲಿತು ಹೋದವರು ಮುಂದೆ ಎದುರಿಸಬೇಕಾದ ಕಾಳಗದ ದೊಡ್ಡ ಪಾಲು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಅದು ರೇಡಿಯೊ ತರಂಗಗಳ ಕಾಳಗ. ವೈರಿಯ ರೇಡಾರ್ ಎಲ್ಲಿದೆ ಎಂದು ಅದರ ಅಲೆ ಹಿಡಿದೇ ಪತ್ತೆ ಮಾಡುವುದು, ಅದೇ ಅಲೆಯ ಮೇಲೆ ಗದ್ದಲ ಸುರಿದು ಅದನ್ನು ಕುರುಡು ಮಾಡುವುದು, ಇಲ್ಲವೇ ಇಲ್ಲದ ವಿಮಾನವನ್ನು ಇದೆ ಎಂದು ತೋರಿಸಿ ಯಾಮಾರಿಸುವುದು.

ಯಾಮಾರಿಸುವ ಈ ವಿದ್ಯೆಯನ್ನು ಭಾಲ್ಕಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನೋಡುವ ಕಣ್ಣಿಗೆ ಬೇಕಾದ್ದು ಬಾಗಿಲಲ್ಲಿ, ನಡೆಯಬೇಕಾದ್ದು ಒಳಗೆ. ಆ ಫಲಕಕ್ಕೆ ಆದ ಖರ್ಚು ಎಷ್ಟೋ ಏನೋ. ಆಕಾಶದಲ್ಲಿ ಅದೇ ಕೆಲಸಕ್ಕೆ ಸಾವಿರಾರು ಕೋಟಿ ಬೇಕು.

ಆ ಕೋಟಿಗಳ ಕೆಲಸ ಒಂದಷ್ಟು ನಡೆಯುವುದು ನಮ್ಮ ಬೆಂಗಳೂರಿನಲ್ಲಿಯೇ, ಡಿಆರ್‌ಡಿಒದ ಪ್ರಯೋಗಾಲಯಗಳಲ್ಲಿ ಮತ್ತು ಬಿಇಎಲ್‌ನಲ್ಲಿ. ಆವ್ರೊ ವಿಮಾನದ ಬೆನ್ನಿಗೆ ರೇಡಾರ್ ತಟ್ಟೆ ಹೊರಿಸಿ ಆಕಾಶದಿಂದಲೇ ಕಣ್ಗಾವಲಿಡಲು ಮಾಡಿದ ಮೊದಲ ಯತ್ನ 1999ರ ಜನವರಿಯಲ್ಲಿ ಅರಕ್ಕೋಣಂ ಬಳಿ ನೆಲಕ್ಕೆ ಬಿತ್ತು. ವಿಜ್ಞಾನಿಗಳೂ ಸೇರಿ 8 ಮಂದಿ ಹೋದರು. 2004ರಲ್ಲಿ ಮತ್ತೆ ಮಂಜೂರಾತಿ, 2008ರಲ್ಲಿ ಬ್ರೆಜಿಲ್‌ನ ಎಂಬ್ರೇರ್ ಜತೆ ಒಪ್ಪಂದ, 2017ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ‘ನೇತ್ರಾ’ ವಾಯುಪಡೆಯ ಕೈಗೆ. ಅದು ದೂರದ ವಿಮಾನಗಳನ್ನು ನೋಡುವುದಷ್ಟೇ ಅಲ್ಲ, ಆಚೆಯವರ ರೇಡಾರ್ ಮಿಡಿತವನ್ನೂ ರೇಡಿಯೊ ಮಾತನ್ನೂ ಹಿಡಿಯುತ್ತದೆ. ಗದ್ದಲ ಎಬ್ಬಿಸುವ ಕೆಲಸಕ್ಕೆ ಹಿಂದೆ ಹಳೆಯ ಕ್ಯಾನ್‌ಬೆರಾ ವಿಮಾನಗಳನ್ನು ಹಚ್ಚಿದ್ದರು. 2007ರಲ್ಲಿ ಅವೂ ಮೂಲೆ ಸೇರಿದವು. 2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿ ಸುಮಾರು 1.05 ಲಕ್ಷ ಕೋಟಿ ರೂಪಾಯಿಯ 10 ಪ್ರಸ್ತಾವಗಳಿಗೆ ಹೂಂಗುಟ್ಟಿದಾಗ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಯುದ್ಧ ವ್ಯವಸ್ಥೆಯ ಹೆಸರೂ ಇತ್ತು. ಅದು ಅಗತ್ಯವಿದೆ ಎಂಬ ಒಪ್ಪಿಗೆ ಮಾತ್ರ; ಚೆಕ್ಕು ಬರೆಯುವುದು ಬಹಳ ದೂರ.

ಔರಾದಿನ ಕಡೆ ಹೊರಟರೆ ಕೆಂಪು ಮಣ್ಣು ಹಿಂದೆ ಸರಿದು ಎರೆಭೂಮಿ ಎದುರಾಗುತ್ತದೆ. ಬಿಳಿಜೋಳದ ರಾಶಿ ನಡೆದಿದೆ. ಕುಸುಬಿಯ ಮುಳ್ಳಿಗೆ ಅಂಜಿ ಹೆಣ್ಣುಮಕ್ಕಳು ಕೈಗೆ ಹಳೆ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಿದ್ದಾರೆ. ದಿಲ್ಲಿಯಲ್ಲಿಯೂ ಇದು ರಾಶಿಯ ಕಾಲವೇ: ಲೋಕಸಭೆಯಲ್ಲಿ ಅನುದಾನ ಬೇಡಿಕೆಗಳು ಪಾಸಾಗುವುದು ಹೆಚ್ಚಾಗಿ ಮಾರ್ಚ್‌ನಲ್ಲಿ. 2025-26ಕ್ಕೆ ರಕ್ಷಣೆಗೆ 6.81 ಲಕ್ಷ ಕೋಟಿ. ಅದರಲ್ಲಿ ಹೊಸ ಖರೀದಿ, ನಿರ್ಮಾಣಗಳ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಅದರೊಳಗೆ ವಿಮಾನ ಮತ್ತು ಎಂಜಿನ್‌ಗಳಿಗೆ 48,614 ಕೋಟಿ. ಯಾವ ವಿಮಾನ ಎಷ್ಟು ಎಂದು ಹುಡುಕಿದರೆ ಆ ಒಂದು ಸಾಲಿನಾಚೆ ಬಾಗಿಲು ಮುಚ್ಚಿದೆ. ತಂತ್ರ ಗುಟ್ಟಾಗಿರಲಿ, ಒಪ್ಪುತ್ತೇನೆ. ಆದರೆ ಚರ್ಚೆಯೂ ಗುಟ್ಟಾಗಬೇಕೇ? 2018ರಲ್ಲಿ ಮತ್ತು 2023ರಲ್ಲಿ ರಕ್ಷಣೆಯೂ ಸೇರಿ ಎಲ್ಲ ಇಲಾಖೆಗಳ ಬೇಡಿಕೆಗಳು ಚರ್ಚೆಯಿಲ್ಲದೆ ಗಿಲೊಟಿನ್‌ಗೆ ಹೋದವು, ಗದ್ದಲದ ನಡುವೆ ಒಂದೇ ಏಟಿಗೆ ಪಾಸು.

ಹೊಲದ ಬದುವಿನ ಬೇವಿನ ಮರದಡಿ ಬುತ್ತಿ ಬಿಚ್ಚಿದ್ದರು. ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಚ್ಚಿಕೊಡುತ್ತ ಹಿರಿಯರೊಬ್ಬರು ಕೇಳಿದರು: “ನಮ್ಮ ಎಂಪಿಯೋರು ಎದ್ದು ನಿಂತು, ಇನ್ನೊಂದು ಇಮಾನ ಹೆಚ್ಗಿ ಕೊಡ್ರಿ ಅಂದ್ರ ಕೊಡ್ತಾರೇನ್ರಿ?”

“ಇಲ್ಲ ಕಾಕಾ. ಸರ್ಕಾರ ಕೇಳಿದ್ದಕ್ಕೆ ಹೂಂ ಅನ್ನಬಹುದು, ಒಲ್ಲೆ ಅನ್ನಬಹುದು, ಕಡಿಮೆ ಮಾಡಿ ಅನ್ನಬಹುದು. ಹೆಚ್ಚು ಮಾಡಿ ಅನ್ನೋಕೆ ಸಂವಿಧಾನದ 113ನೇ ವಿಧಿ ಬಿಡೋದಿಲ್ಲ.”

ಅಮೆರಿಕದಲ್ಲಿ ಹಾಗಲ್ಲ ಎಂದೂ ಹೇಳಿದೆ. 2015ರ ಹಣಕಾಸು ವರ್ಷದ ಬಜೆಟ್‌ನಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಒಂದೂ ಗ್ರೌಲರ್ ಕೇಳಿರಲಿಲ್ಲ. ರೇಡಾರ್ ಕುರುಡು ಮಾಡುವ ಆ ವಿಮಾನ ನೌಕಾಪಡೆಗೆ ಬೇಕಿತ್ತು. ಸಂಸದರು ತಾವಾಗಿ 15 ಸೇರಿಸಿ ಹಣ ಕೊಟ್ಟರು. ಅಲ್ಲಿ ಅದರ ಹಿಂದೆ ಕಾರ್ಖಾನೆಯಿರುವ ಕ್ಷೇತ್ರದ ಲೆಕ್ಕಾಚಾರವೂ ಇರುತ್ತದೆನ್ನಿ.

“ಮತ್ತ ನಮ್ಮೋರಿಗಿ ಏನೂ ಮಾಡ್ಲಾಕ ಬರಂಗಿಲ್ಲೇನು?”

“ಬರ್ತದ. ಟೋಕನ್ ಕಟ್ ಅಂತ ಒಂದು ಅದ. ಯಾವುದಾದರೂ ದೂರು ಇದ್ದರೆ, ಆ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡ್ರಿ ಅಂತ ಸೂಚನೆ ಕೊಡಬಹುದು. ಆ ನೆಪದಲ್ಲಿ ಚರ್ಚೆಯಾಗ್ತದ.”

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಒಂದು ಲಕ್ಷ ಎಂಬತ್ತು ಸಾವಿರ ಕೋಟಿದಾಗ ನೂರ್ ರೂಪಾಯಿ?” ಅಂದರು. “ಅದರಕಿಂತ ಜಾಸ್ತಿ ನಮ್ಮ ಅಡತಿ ಅಂಗಡಿಯವ ಒಂದು ಚೀಲ ತೊಗರಿಗಿ ಹಿಡಿತಾನ್ರಿ.”