ಸಾವಯವ ಎಲೆಕ್ಟ್ರಾನಿಕ್ಸ್ ಸಂಶೋಧನಾ ತಂಡದ ‘ಜರ್ನಲ್ ಕ್ಲಬ್’: ಅರ್ಜಿದಾರರಿಗೆ ಮಾಹಿತಿ

ಪಿಎಚ್.ಡಿ. ಪ್ರವೇಶ ಹಾಗೂ ಸಂಶೋಧನಾ ಶಿಷ್ಯವೇತನಕ್ಕೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ, ವಿಶ್ವವಿದ್ಯಾಲಯಗಳ ಸಂಶೋಧನಾ ತಂಡಗಳು ನಡೆಸುವ ಜರ್ನಲ್ ಕ್ಲಬ್ ಕುರಿತು ಈ ಕೆಳಗೆ ವಿವರಿಸಲಾಗಿದೆ.

ಹೆಸರು ಕ್ಲಬ್ ಎಂದಿದ್ದರೂ ಇದಕ್ಕೆ ಸದಸ್ಯತ್ವ ಶುಲ್ಕವಿರುವುದಿಲ್ಲ. ತಂಡದವರು ಸಾಮಾನ್ಯವಾಗಿ ವಾರಕ್ಕೊಮ್ಮೆ ಸೇರುತ್ತಾರೆ. ಪ್ರಕಟವಾದ ಪ್ರಬಂಧವೊಂದನ್ನು ಒಬ್ಬ ವಿದ್ಯಾರ್ಥಿಯು ಮಂಡಿಸಿ, ಉಳಿದವರ ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು.

‘ಸಾವಯವ’ ಎಂಬ ಪದಕ್ಕೆ ಇಲ್ಲಿ ಸಾವಯವ ಕೃಷಿಯ ಅರ್ಥವಿಲ್ಲ. ಸಿಲಿಕಾನ್ ಬದಲಿಗೆ ಇಂಗಾಲದ ಸಂಯುಕ್ತಗಳಿಂದ ಸಾಧನಗಳನ್ನು ತಯಾರಿಸುವ ಶಾಸ್ತ್ರವಿದು. ವಿದ್ಯುತ್ತನ್ನು ಹರಿಯಗೊಡುವ ಪಾಲಿಮರ್‌ಗಳ ಶೋಧನೆಗಾಗಿ ಹೀಗರ್, ಮ್ಯಾಕ್‌ಡಯಾರ್ಮಿಡ್ ಮತ್ತು ಶಿರಾಕಾವಾ ಅವರಿಗೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆತಿದೆ. ಮೊಬೈಲ್ ಫೋನ್‌ಗಳ ಓಎಲ್‌ಇಡಿ ಪರದೆಗಳು ಈ ಶಾಸ್ತ್ರದ ಫಲವಾಗಿರುತ್ತವೆ.

ಈ ಪದಾರ್ಥಗಳಲ್ಲಿ ಹಲವು ಗಾಳಿ ಹಾಗೂ ತೇವಾಂಶಕ್ಕೆ ಬೇಗನೆ ಕೆಡುವುದರಿಂದ, ಒಂದೇ ದಿನ ತಯಾರಿಸಿದ ಎರಡು ಸಾಧನಗಳ ಅಳತೆಯೂ ಬೇರೆಯಾಗಬಹುದು. ಆದ್ದರಿಂದ ಪ್ರಬಂಧದಲ್ಲಿ ಕೊಟ್ಟಿರುವ ಅಂಕಿಯು ಎಷ್ಟು ಸಾಧನಗಳ ಸರಾಸರಿ, ಅಥವಾ ಅತ್ಯುತ್ತಮವಾದ ಒಂದರದ್ದು ಮಾತ್ರವೇ, ಅಳತೆ ಮಾಡಿದ್ದು ತೆರೆದ ಗಾಳಿಯಲ್ಲೋ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲೋ ಎಂದು ಕೇಳುವುದು ವಾಡಿಕೆ. ಟ್ರಾನ್ಸಿಸ್ಟರ್‌ನ ಗ್ರಾಫ್ ರೇಖೆಯು ನಡುವೆ ಬಾಗಿದ್ದು, ಕಡಿದಾದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದಲ್ಲಿ, ಸಾಧನದ ಸಾಮರ್ಥ್ಯ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ.

ಇಂತಹ ಪ್ರಶ್ನೆಗಳನ್ನು ಕೇವಲ ಔಪಚಾರಿಕವೆಂದು ಭಾವಿಸಬಾರದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಯಾನ್ ಹೆಂಡ್ರಿಕ್ ಶೋನ್ ಎಂಬುವರು ಸಾವಯವ ಹರಳುಗಳ ಬಗ್ಗೆ ಬರೆದ ಪ್ರಬಂಧಗಳು ‘ಸೈನ್ಸ್’ ಮತ್ತು ‘ನೇಚರ್’ ಪತ್ರಿಕೆಗಳಲ್ಲಿಯೇ ಪ್ರಕಟವಾಗಿದ್ದವು. ಇತರ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶಗಳು ಬರಲಿಲ್ಲ. 2002ರಲ್ಲಿ ಪ್ರಿನ್ಸ್‌ಟನ್‌ನ ಲಿಡಿಯಾ ಸೋನ್ ಮತ್ತು ಕಾರ್ನೆಲ್‌ನ ಪಾಲ್ ಮೆಕ್‌ಯೂಯನ್ ಅವರು ಬೇರೆ ಬೇರೆ ಪ್ರಬಂಧಗಳ ಗ್ರಾಫ್‌ಗಳನ್ನು ತಾಳೆ ನೋಡಲಾಗಿ, ಅಳತೆಯಲ್ಲಿ ತಾನಾಗಿ ಉಂಟಾಗುವ ಸಣ್ಣ ಏರಿಳಿತಗಳು ಸಹ ಒಂದೇ ತೆರನಾಗಿದ್ದವು. ಎರಡು ಅಂಗಡಿಗಳ ರಸೀದಿಯಲ್ಲಿ ಒಂದೇ ಕೈಬರಹ, ಒಂದೇ ಕಾಗುಣಿತದ ತಪ್ಪು ಕಂಡರೆ ಲೆಕ್ಕಪರಿಶೋಧಕರು ಏನೆಂದುಕೊಳ್ಳುವರೋ ಇದೂ ಹಾಗೆಯೇ. ತನಿಖಾ ಸಮಿತಿಯು 24 ಆರೋಪಗಳ ಪೈಕಿ 16ರಲ್ಲಿ ಅಕ್ರಮವನ್ನು ದೃಢಪಡಿಸಿತು. ಮೂಲ ದತ್ತಾಂಶವಾಗಲಿ, ಕ್ರಮಬದ್ಧ ಪ್ರಯೋಗ ಪುಸ್ತಕವಾಗಲಿ ಸಮಿತಿಗೆ ದೊರೆಯಲಿಲ್ಲ. ಶೋನ್ ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಆದರೆ ಅದಾಗಲೇ ಅವನ್ನು ನಂಬಿ ಹಲವು ವಿದ್ಯಾರ್ಥಿಗಳು ವರ್ಷಗಟ್ಟಲೆ ದುಡಿದಿದ್ದರು. ಆ ಅವಧಿಯನ್ನು ಅವರಿಗೆ ಹಿಂತಿರುಗಿಸುವ ಯಾವ ನಿಯಮವೂ ಇಲ್ಲ.

ಮಂಡಿಸುವ ಸರದಿ ಬಂದಾಗ ಪ್ರಬಂಧದ ಸಾರಾಂಶವನ್ನಷ್ಟೇ ಓದಿ ಹೋಗುವುದು ಸಾಲದು. ಅನುಬಂಧದಲ್ಲಿನ ದತ್ತಾಂಶವನ್ನೂ ಅದೇ ಲೇಖಕರ ಹಿಂದಿನ ಪ್ರಬಂಧವೊಂದನ್ನೂ ಜೊತೆಗಿಟ್ಟುಕೊಂಡು ಓದತಕ್ಕದ್ದು. ಪ್ರಬಂಧದ ಪ್ರತಿಯನ್ನು ಕೆಲವು ದಿನ ಮುಂಚಿತವಾಗಿ ಎಲ್ಲರಿಗೂ ತಲುಪಿಸುವುದು. ಮೊದಲ ವರ್ಷದ ವಿದ್ಯಾರ್ಥಿಗಳು ಪ್ರಶ್ನೆ ಕೇಳಲು ಸಂಕೋಚಪಡಬೇಕಾಗಿಲ್ಲ. ಇಂಗ್ಲಿಷ್ ತೊಡಕೆನಿಸಿದಲ್ಲಿ ಕನ್ನಡದಲ್ಲಿಯೇ ಕೇಳಬಹುದು.