ಪೊರೆ ಹಣ್ಣಾಗಲಿ ಎಂದು ಕಾಯಬೇಕೆ?

ಮನೆಯ ಹಿರಿಯರ ಕಣ್ಣಿಗೆ ಪೊರೆ ಬಂದಿದೆಯೆಂದು ತಿಳಿದೊಡನೆ ಬಂಧುಬಳಗದವರಿಂದ ಹೊರಡುವ ಮೊದಲ ಮಾತು ಒಂದೇ: “ಇನ್ನೂ ಹಣ್ಣಾಗಿಲ್ಲ, ಕಾಯಿರಿ.” ಹೀಗೆ ಕಾಯುತ್ತ ವರ್ಷಗಳನ್ನೇ ಕಳೆಯುವವರು ಇಂದಿಗೂ ಇದ್ದಾರೆ. ದೀಪದ ಸುತ್ತ ಬಳೆಯಂತಹ ಪ್ರಭೆ ಕಾಣುತ್ತದೆ. ಎದುರಿಗೆ ಬಂದವರ ಗುರುತು ಮುಖದಿಂದಲ್ಲ, ಧ್ವನಿಯಿಂದ ಹತ್ತುತ್ತದೆ. ಮೆಟ್ಟಿಲಿನ ಅಂಚು ತಿಳಿಯದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರೂ ಉಂಟು. ಆದರೂ ಕಾಯುವ ವ್ರತ ಮಾತ್ರ ಮುಗಿಯುವುದಿಲ್ಲ.

ಪೊರೆ ಎಂಬ ಹೆಸರೇ ಅಪಾರ್ಥಕ್ಕೆ ಎಡೆಗೊಡುತ್ತದೆ. ಇದು ಕಣ್ಣಿನ ಮೇಲೆ ಬೆಳೆದ ತೆಳು ಚರ್ಮವಲ್ಲ. ಪಾಪೆಯ ಹಿಂದೆ ಸ್ಫಟಿಕದಂತಹ ಮಸೂರವೊಂದಿದೆ. ಹೊರಗಿನ ಬೆಳಕನ್ನು ಒಟ್ಟುಗೂಡಿಸಿ ಅಕ್ಷಿಪಟದ ಮೇಲೆ ಬೀಳಿಸುವುದು ಅದರ ಕೆಲಸ. ನಲವತ್ತರ ಸುಮಾರಿಗೆ ಅದು ಬಿರುಸಾಗಿ, ಬಾಗುವ ಗುಣವನ್ನು ಕಳೆದುಕೊಂಡಾಗ ಚಾಳೀಸು ಬರುತ್ತದೆ. ಮುಂದೆ ಅದರೊಳಗಿನ ಪ್ರೋಟೀನು ಕೆಟ್ಟು ಮಬ್ಬಾಗುವುದೇ ಪೊರೆ. ಸಸ್ಯಾಹಾರಿ ವಾಚಕರ ಕ್ಷಮೆ ಬೇಡಿ ಹೇಳುವುದಾದರೆ, ಮೊಟ್ಟೆಯ ಲೋಳೆ ಬಿಸಿ ತಾಕಿದೊಡನೆ ಬೆಳ್ಳಗಾಗುತ್ತದಲ್ಲ, ಹಾಗೆ. ಬೆಂದ ಲೋಳೆಯನ್ನು ಮತ್ತೆ ತಿಳಿಯಾಗಿಸಲು ಬಾರದು; ಪೊರೆಯನ್ನು ಕರಗಿಸುವ ಹನಿ ಔಷಧವೂ ಇದುವರೆಗೆ ದೊರೆತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ಕೊಂಚ ಬೇಗನೆ ಬರುವುದುಂಟು.

ಇಲ್ಲಿ ಒಂದು ಸೋಜಿಗವನ್ನು ಹೇಳಬೇಕು. ಹತ್ತಾರು ವರ್ಷ ಕನ್ನಡಕವಿಲ್ಲದೆ ಅಕ್ಷರ ಕಾಣದಿದ್ದ ಅಜ್ಜಿ ಒಂದು ದಿನ ಬರಿಗಣ್ಣಿನಿಂದ ಪಂಚಾಂಗ ಓದತೊಡಗುತ್ತಾರೆ. ಮನೆಮಂದಿಗೆಲ್ಲ ಸಂಭ್ರಮ! ನಿಜಸ್ಥಿತಿ ಬೇರೆ. ಮಸೂರದ ನಡುಭಾಗ ಗಟ್ಟಿಯಾಗಿ ಅದರ ಶಕ್ತಿ ಹೆಚ್ಚಿದ ಕಾರಣ ಸಮೀಪದ್ದು ಕಂಡಿತು. ಅಷ್ಟೇ ಪ್ರಮಾಣದಲ್ಲಿ ದೂರದ್ದು ಮಸುಕಾಯಿತು. ಮರಳಿ ಬಂದ ಯೌವನವೆಂದು ಬಗೆದದ್ದು ಪೊರೆಯ ಮುನ್ಸೂಚನೆ.

ಕಾಯಬೇಕೆಂಬ ಮಾತು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಸುಶ್ರುತ ಸಂಹಿತೆಯಲ್ಲಿ ವರ್ಣಿತವಾದ ಚಿಕಿತ್ಸೆಯಲ್ಲಿ ಸೂಜಿಯಂತಹ ಶಲಾಕೆಯಿಂದ ಪೊರೆಯನ್ನು ದೃಷ್ಟಿಯ ದಾರಿಯಿಂದ ಸರಿಸುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಕಣ್ಣನ್ನು ಕೊಯ್ದು ಮಸೂರವನ್ನೇ ಹೊರತೆಗೆದರು. ಬಲಿಯದ ಪೊರೆಯನ್ನು ತೆಗೆಯುವಾಗ ಅದರ ಮೆತ್ತನೆಯ ಚೂರುಗಳು ಕಣ್ಣಿನಲ್ಲೇ ಉಳಿದು ಉರಿಯೂತ ಹುಟ್ಟಿಸುತ್ತಿದ್ದವು. ನಮ್ಮ ತಾತಂದಿರ ಕಾಲದಲ್ಲೂ ಶಸ್ತ್ರಚಿಕಿತ್ಸೆಯಾದವರು ತಲೆಯ ಎರಡು ಪಕ್ಕದಲ್ಲಿ ಮರಳಿನ ಚೀಲಗಳನ್ನಿಟ್ಟುಕೊಂಡು ಅಲುಗಾಡದೆ ಮಲಗಬೇಕಾಗಿತ್ತು. ಆಮೇಲೆ ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತಿದ್ದುದರಿಂದ ಆ ಕಣ್ಣಿಗೂ ಇನ್ನೊಂದು ಕಣ್ಣಿಗೂ ಹೊಂದಿಕೆಯೇ ಆಗದು. ಇಷ್ಟು ಕಷ್ಟಪಡುವುದಕ್ಕಿಂತ ದೃಷ್ಟಿ ಪೂರ್ತಿ ಹೋಗುವವರೆಗೆ ಕಾಯುವುದೇ ಲೇಸೆಂದು ವೈದ್ಯರೇ ಹೇಳುತ್ತಿದ್ದರು. ಬಾಗಿಲಕೋಟೆ ಸೀಮೆಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದಾಗಲೂ ಆ ದಪ್ಪ ಕನ್ನಡಕ ಬಹುಮಟ್ಟಿಗೆ ತಪ್ಪಿರಲಿಲ್ಲ.

ಆ ಕನ್ನಡಕವನ್ನು ಕಳಚಿದ ಕೀರ್ತಿ ಲಂಡನ್ನಿನ ಹೆರಲ್ಡ್ ರಿಡ್ಲಿಯವರದು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪ್ಲಾಸ್ಟಿಕ್ ಗವಾಕ್ಷಿ ಸಿಡಿದು ಚಾಲಕರ ಕಣ್ಣಿಗೆ ಚೂರುಗಳು ಹೊಕ್ಕಿದ್ದವು. ಕಣ್ಣು ಆ ಚೂರುಗಳನ್ನು ಹೆಚ್ಚು ರಂಪವಿಲ್ಲದೆ ಸಹಿಸಿಕೊಂಡದ್ದನ್ನು ಕಂಡ ರಿಡ್ಲಿ, ಅಂಥದೇ ವಸ್ತುವಿನಿಂದ ಮಸೂರ ಮಾಡಿಸಿ 1949ರ ನವೆಂಬರಿನಲ್ಲಿ ರೋಗಿಯೊಬ್ಬರ ಕಣ್ಣೊಳಗಿಟ್ಟರು. ಸಹೋದ್ಯೋಗಿಗಳು ಮೆಚ್ಚಲಿಲ್ಲ, ಕಣ್ಣಿನಿಂದ ಪರವಸ್ತುವನ್ನು ತೆಗೆಯುವುದಲ್ಲದೆ ಒಳಗಿಡುವುದುಂಟೆ ಎಂದರು. ದಶಕಗಳು ಕಳೆದ ಮೇಲೆ ಅದೇ ಲೋಕರೂಢಿಯಾಯಿತು. ಇನ್ನು ಅಮೆರಿಕೆಯ ಚಾರ್ಲ್ಸ್ ಕೆಲ್ಮನ್. ದಂತವೈದ್ಯರ ಕುರ್ಚಿಯಲ್ಲಿ ಕುಳಿತು ಹಲ್ಲಿನ ಪಾಚಿಯನ್ನು ಶಬ್ದಾತೀತ ಕಂಪನದಿಂದ ಕಳಚುವುದನ್ನು ಅನುಭವಿಸಿದ ಅವರು, ಅದೇ ಉಪಾಯವನ್ನು ಪೊರೆಗೆ ಅನ್ವಯಿಸಿ 1967ರಲ್ಲಿ ಪ್ರಕಟಿಸಿದರು.

ಈಗ ಎರಡು ಮೂರು ಮಿಲಿಮೀಟರಿನ ಸೀಳು ಸಾಕು. ಪೊರೆಯನ್ನು ಒಳಗೇ ಪುಡಿಮಾಡಿ ಹೀರಿ ತೆಗೆದು, ಮಡಿಚಿದ ಮಸೂರವನ್ನು ಅದೇ ಸೀಳಿನಿಂದ ತೂರಿಸುತ್ತಾರೆ. ಅದು ಒಳಗೆ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹಿಂದಿರುಗಬಹುದು.

ಈ ವಿಧಾನದಲ್ಲಿ ಹಳೆಯ ಲೆಕ್ಕ ತಲೆಕೆಳಗಾಗಿದೆ. ಪೊರೆ ಬಲಿತಷ್ಟೂ ಪುಡಿಮಾಡಲು ಹೆಚ್ಚು ಶಕ್ತಿ ಬೇಕು. ಆ ಕಂಪನದಿಂದ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ಪೆಟ್ಟಾಗುವ ಸಂಭವ ಹೆಚ್ಚು. ಅತಿಯಾಗಿ ಬಲಿತ ಪೊರೆ ಸೋರಿ ಕಣ್ಣಿನ ಒತ್ತಡ ಏರುವುದೂ ಉಂಟು. ಆ ಒತ್ತಡದಿಂದ ನರ ನಾಶವಾದರೆ ಆಮೇಲೆ ಪೊರೆ ತೆಗೆದೂ ಪ್ರಯೋಜನವಿಲ್ಲ.

ಹಾಗೆಂದು ಪೊರೆಯ ಸುಳಿವು ಸಿಕ್ಕೊಡನೆ ಆಸ್ಪತ್ರೆಗೆ ಓಡಬೇಕಾಗಿಲ್ಲ. ಓದು, ಅಡಿಗೆ, ಸಂಜೆಯ ಓಡಾಟ ಇವುಗಳಿಗೆ ಅಡ್ಡಿಯಾಯಿತೆಂದು ಹಿರಿಯರಿಗೇ ಅನ್ನಿಸಿದಾಗ ವೈದ್ಯರೊಡನೆ ಸಮಾಲೋಚಿಸಬಹುದು. ಅವರನ್ನು ಕೇಳಿಯೇ ತಿಳಿಯಬೇಕು. ತಾವಾಗಿ ಹೇಳುವವರು ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ನೋವು ಹೆಚ್ಚಿದರೆ, ಕಣ್ಣು ಕೆಂಪೇರಿ ದೃಷ್ಟಿ ತಗ್ಗಿದರೆ ಮರುದಿನಕ್ಕೆ ಮುಂದೂಡದೆ ವೈದ್ಯರಲ್ಲಿಗೆ ಹೋಗಬೇಕು. ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ಮೇಲೆ ಮತ್ತೆ ಮಸುಕು ಕವಿದಾಗ “ಪೊರೆ ಮರಳಿ ಬಂತು” ಎಂದು ಹೆದರುತ್ತಾರೆ. ಹೊಸ ಮಸೂರವನ್ನು ಹಿಡಿದಿಟ್ಟ ತೆಳು ಚೀಲ ಮಬ್ಬಾಗಿರುತ್ತದೆ, ಅಷ್ಟೆ. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಅದರಲ್ಲೊಂದು ಕಿಂಡಿ ತೆರೆಯುತ್ತಾರೆ.