ಸಿಸ್ಟರುಗಳ ಹೈಸ್ಕೂಲಿಗೆ ಮಗಳನ್ನು ಸೇರಿಸುವಾಗ

ಮೇ ತಿಂಗಳು ಬಂತೆಂದರೆ ಹಪ್ಪಳ ಸಂಡಿಗೆಯ ಗಡಿಬಿಡಿಯ ನಡುವೆ ತಾಯಂದಿರಿಗೆ ಇನ್ನೊಂದು ಚಿಂತೆ. ಏಳನೇ ಕ್ಲಾಸು ಮುಗಿಸಿದ ಮಗಳನ್ನು ಯಾವ ಹೈಸ್ಕೂಲಿಗೆ ಹಾಕೋಣ? "ಸಿಸ್ಟರುಗಳ ಶಾಲೆಯೇ ಸರಿ, ಒಳ್ಳೇ ಶಿಸ್ತು" ಎನ್ನುತ್ತಾರೆ ನೆರೆಮನೆಯವರು. "ಅಲ್ಲಿಗೆ ಕಳಿಸಿದರೆ ಹುಡುಗಿ ಕುಂಕುಮ ಇಡುವುದನ್ನೇ ಮರೆತಾಳು" ಎಂದು ಅತ್ತೆಯವರ ಗೊಣಗಾಟ. ಇಂಥ ಶಾಲೆಗಳು ಯಾಕೆ ಹುಟ್ಟಿದವು ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ, ಸೋದರಿಯರೇ.

ಮಂಗಳೂರನ್ನೇ ನೋಡಿ. ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. ಮತಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡುವುದೇನೂ ಬೇಡ. ಆದರೆ ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ ನಡೆಸಿದರು. ಓದಿನ ಜೊತೆ ಕೈಗೆ ಕಸುಬೂ ಇರಬೇಕು ಎಂಬುದು ಅವರ ಪಂಥ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್, 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರೂ ಈ ಮಿಶನ್ನಿನವರೇ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಕಾರ್ಮೆಲ್ ಸಿಸ್ಟರುಗಳನ್ನು ನೆನೆಯಬೇಕು. 1870ರಲ್ಲಿ ಫ್ರಾನ್ಸಿನಿಂದ ಬಂದು ಮಂಗಳೂರಿನಲ್ಲಿ ಸೇಂಟ್ ಆ್ಯನ್ಸ್ ಶಾಲೆಯ ಕೆಲಸ ಹಿಡಿದರು. ಹುಡುಗಿ ಮೈನೆರೆದರೆ ಓದು ಮುಗಿಯಿತು ಎನ್ನುತ್ತಿದ್ದ ಕಾಲ ಅದು. ಅವರದೇ ಸಂಸ್ಥೆ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನೂ ತೆರೆಯಿತು.

ಈಗ ಅತ್ತೆಯವರ ಅನುಮಾನ. ಹೆಚ್ಚಿನ ಕಡೆ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ಕ್ರಿಸ್ಮಸ್ಸಿಗೆ ಬಡವರಿಗೆಂದು ಮಕ್ಕಳಿಂದ ಅಕ್ಕಿ, ಬಟ್ಟೆ ಕೂಡಿಸುತ್ತಾರೆ. 'ಸೇವೆ' ಎಂದು ಡೈರಿಯಲ್ಲಿ ಅಚ್ಚಾದ ಮಾತು ಮಗುವಿನ ಕೈಗೆ ಬರುವುದು ಆಗಲೇ. ನನಗಂತೂ ಇದು ಮಾರ್ಕ್ಸ್ ಕಾರ್ಡಿಗಿಂತ ದೊಡ್ಡದು.

ಕಾನೂನೂ ನಮ್ಮ ಕಡೆ ಇದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ, ನಿಜ. ಆದರೆ ಸರಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆಯಲ್ಲಿ ಮಗುವನ್ನು ಧರ್ಮಬೋಧನೆಗೆ ಕೂರಿಸಬೇಕಾದರೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ 28ನೇ ವಿಧಿ. ಸೇರಿಸುವ ದಿನವೇ ಹೆಡ್‌ಮಿಸ್ಟ್ರೆಸ್ಸರ ಹತ್ತಿರ ಮೆಲ್ಲಗೆ ಕೇಳಿಬಿಡಿ. ಬೇಸರವೇನೂ ಮಾಡಿಕೊಳ್ಳಲಿಕ್ಕಿಲ್ಲ.

ನನ್ನ ತಕರಾರು ಬೇರೆಯೇ ಇದೆ. ಕೆಲವು ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಆಟದ ಬಯಲಿನಲ್ಲಿ ಕನ್ನಡ ಮಾತಾಡಿದರೂ ದಂಡವಂತೆ. ಕಿಟ್ಟೆಲ್ ಸಾಹೇಬರು ಕನ್ನಡದ ಒಂದೊಂದು ಶಬ್ದಕ್ಕೂ ಅರ್ಥ ಹುಡುಕುತ್ತಾ ಮುದುಕರಾದರು. ಇಲ್ಲಿ ನೋಡಿದರೆ ನಮ್ಮ ಮಕ್ಕಳು "ಅಮ್ಮ" ಎನ್ನಲೂ ಅಂಜಬೇಕು! ಹಾಗೆಂದು ಇದು ಸಿಸ್ಟರುಗಳ ಶಾಲೆಗಳದ್ದೇ ಚಾಳಿಯಲ್ಲ, ನಮ್ಮವರು ನಡೆಸುವ ಎಷ್ಟೋ ಶಾಲೆಗಳದ್ದೂ ಇದೇ ಪಾಡು.

ಅರ್ಜಿ ತುಂಬುವ ಮೊದಲು ಒಂದು ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ನೋಡಿ. ಮಕ್ಕಳು ಆಯಾನ ಹತ್ತಿರ ಹೇಗೆ ಮಾತಾಡುತ್ತಾರೆ, ಫೀಸು ಬಾಕಿ ಇದ್ದ ಹುಡುಗಿಯನ್ನು ಟೀಚರು ಹೇಗೆ ಕರೆಯುತ್ತಾರೆ ಎಂಬುದನ್ನು ಅಲ್ಲಿನ ತಾಯಂದಿರೇ ಹೇಳುತ್ತಾರೆ. ಫೀಸು, ಡೊನೇಶನ್ನು, ಯೂನಿಫಾರಂ ಖರ್ಚನ್ನೂ ಅವರಲ್ಲೇ ವಿಚಾರಿಸಿಕೊಳ್ಳಿ.